ಭದ್ರಾವತಿಯ ಕಾಗದ, ಭದ್ರಾವತಿಯ ದನಿ

"ಪೇಪರ್ ತುಂಬ ಬರೀ ಜಾಹೀರಾತು ಕಣ್ರೀ, ಸುದ್ದಿ ಎಲ್ಲಿದೆ?" ಶಿವಮೊಗ್ಗದ ದುರ್ಗಿಗುಡಿಯಲ್ಲೋ ಗಾಂಧಿಬಜಾರಿನಲ್ಲೋ ಬೆಳಗಿನ ಕಾಫಿಗೆ ಕೂತವರ ಬಾಯಲ್ಲಿ ಈ ಮಾತು ಬಾರದ ದಿನವಿಲ್ಲ. ಎದುರಿಗಿದ್ದವರು ಒಳಪುಟ ಎಳೆದುಕೊಳ್ಳುತ್ತ, "ಜಾಹೀರಾತು ಇಲ್ದೇ ಇದ್ರೆ ಈ ಬೆಲೆಗೆ ಪೇಪರ್ ಯಾರು ಕೊಡ್ತಾರೆ ಸ್ವಾಮಿ?" ಎನ್ನುತ್ತಾರೆ. ವಯಸ್ಸಾದ ಮೂರನೆಯವರೊಬ್ಬರು ಇದ್ದರೆ ಅವರದು ಬೇರೆಯೇ ರಾಗ: "ನಮ್ಮ ಕಾಲದಲ್ಲಿ ಭದ್ರಾವತಿ ರೇಡಿಯೊ ಹಾಕಿದ್ರೆ ಒಂದು ಜಾಹೀರಾತೂ ಇರ್ತಿರಲಿಲ್ಲ."

ಮೂವರ ಮಾತಿನಲ್ಲೂ ಸತ್ಯವಿದೆ. ಪತ್ರಿಕೆಗೆ, ರೇಡಿಯೊಗೆ ಹಣ ಕೊಡಬೇಕಾದವರು ಯಾರು? ಓದುಗನೇ, ಸರಕಾರವೇ, ಸೋಪು ಮಾರುವವನೇ? ಕಾಫಿಯೊಂದಿಗೆ ಮುಗಿಯುವ ಈ ಚರ್ಚೆ ಹಿಂದೆ ಸುಪ್ರೀಂ ಕೋರ್ಟಿನ ತನಕ ಹೋಗಿತ್ತು, ಅದೂ ಒಂದಲ್ಲ, ಹಲವು ಬಾರಿ. ಆ ಜಗಳದ ಕಚ್ಚಾವಸ್ತುವೊಂದು ತಯಾರಾಗುತ್ತಿದ್ದದ್ದು ಶಿವಮೊಗ್ಗದಿಂದ ಬಸ್ಸಿನಲ್ಲಿ ಅರ್ಧ ಮುಕ್ಕಾಲು ಗಂಟೆಯ ದಾರಿಯ ಭದ್ರಾವತಿಯಲ್ಲಿ.

ಭದ್ರಾವತಿ ಎಂದರೆ ಕಬ್ಬಿಣ ಎಂಬುದು ಶಾಲಾ ಮಕ್ಕಳಿಗೂ ಗೊತ್ತು. ಬೆಂಕಿಪುರ ಎಂಬ ಹಳೆಯ ಹೆಸರಿನ ಈ ಊರಿನಲ್ಲಿ 1918ರಲ್ಲಿ ಮೈಸೂರು ಕಬ್ಬಿಣ ಕಾರ್ಖಾನೆಯ ಕೆಲಸ ಆರಂಭವಾಯಿತು. 1923ರಲ್ಲಿ ಊದುಕುಲುಮೆ ಉರಿಯಿತು. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಈ ಊರಿಗೆ ಅಂಟಿಕೊಂಡದ್ದು ಅದರಿಂದಲೇ. ಕಬ್ಬಿಣದ ನೆರಳಿನಲ್ಲಿ ಉಳಿದ ಎರಡು ಸಂಸ್ಥೆಗಳು ಸ್ವಲ್ಪ ಮಂಕಾದವು. ಒಂದು, 1936ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆ, ಜನರ ಬಾಯಲ್ಲಿ ಎಂಪಿಎಂ. ಇನ್ನೊಂದು, 1965ರಲ್ಲಿ ಶುರುವಾದ ಆಕಾಶವಾಣಿ ಕೇಂದ್ರ. ಹಾಳೆಯೂ ದನಿಯೂ ಒಂದೇ ಊರಿನಿಂದ ಹೊರಡುವುದು ದೇಶದಲ್ಲಿ ಅಪರೂಪ. ಜಿಲ್ಲಾ ಕೇಂದ್ರವಾದ ಶಿವಮೊಗ್ಗಕ್ಕೂ ಆ ಭಾಗ್ಯ ಇರಲಿಲ್ಲ.

ಎರಡು ಆಕಾಶಗಳು

ರೇಡಿಯೊ ಕನ್ನಡ ನಾಡಿಗೆ ಹೊಸದೇನಲ್ಲ. 1935ರ ಸೆಪ್ಟೆಂಬರಿನಲ್ಲಿ ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಹುಟ್ಟಿದ್ದೂ ಅಲ್ಲಿಯೇ. ಮುಂದೆ ಇಡೀ ದೇಶದ ರೇಡಿಯೊ ಆ ಹೆಸರನ್ನು ಎತ್ತಿಕೊಂಡಿತು. ಧಾರವಾಡದ ನಿಲಯ 1950ರಲ್ಲಿ ಬಂತು. ಮೈಸೂರಿನ ನಿಲಯ 1955ರಲ್ಲಿ ಬೆಂಗಳೂರಿಗೆ ಹೋಯಿತು. ನಡುವಿನ ಮಲೆನಾಡಿಗೆ ಮಾತ್ರ ಎರಡೂ ದೂರ. ಮಧ್ಯಮ ತರಂಗಗಳು ಹಗಲಿನಲ್ಲಿ ನೆಲಕ್ಕೆ ಅಂಟಿಕೊಂಡಂತೆ ಸಾಗುವುದರಿಂದ ಗುಡ್ಡ, ಕಾಡು, ದೂರ ಎಲ್ಲವೂ ಅವುಗಳ ಬಲ ಕುಗ್ಗಿಸುತ್ತವೆ. ತೀರ್ಥಹಳ್ಳಿ, ಹೊಸನಗರದ ಕಡೆ ಬೆಂಗಳೂರನ್ನು ಹಿಡಿಯುವುದೆಂದರೆ ಗೊರಗೊರ ಸದ್ದಿನ ನಡುವೆ ಕನ್ನಡ ಹುಡುಕಿದಂತೆ.

ತಮಾಷೆಯೆಂದರೆ, ಸಮುದ್ರದಾಚೆಯ ಕೊಲಂಬೊ ಅಷ್ಟು ಕಷ್ಟವಿಲ್ಲದೆ ಸಿಗುತ್ತಿತ್ತು! ರೇಡಿಯೊ ಸಿಲೋನಿನ ಹಿಂದಿ ಪ್ರಸಾರ ಬರುತ್ತಿದ್ದದ್ದು ಹ್ರಸ್ವ ತರಂಗಗಳಲ್ಲಿ. ಅವು ಮೇಲಿನ ಅಯಾನುಗೋಳಕ್ಕೆ ಬಡಿದು ನೂರಾರು ಮೈಲಿ ಆಚೆ ಇಳಿಯುತ್ತವೆ. ನಡುವಿನ ಗುಡ್ಡಗಳ ಗೊಡವೆ ಅವಕ್ಕಿಲ್ಲ.

ಅದೇ ಹೊತ್ತಿಗೆ ದಿಲ್ಲಿಯಲ್ಲಿ ಬಿ.ವಿ. ಕೇಸ್ಕರ್ ವಾರ್ತಾ ಸಚಿವರಾಗಿದ್ದರು. ಚಿತ್ರಗೀತೆಗಳಿಂದ ಅಭಿರುಚಿ ಕೆಡುತ್ತದೆ ಎಂಬುದು ಅವರ ನಂಬಿಕೆ. ಅವರ ಕಾಲದಲ್ಲಿ ಆಕಾಶವಾಣಿಯಿಂದ ಸಿನಿಮಾ ಹಾಡು ಬಹುಮಟ್ಟಿಗೆ ಮಾಯವಾಯಿತು. ಕೇಳುಗ ಸುಮ್ಮನೆ ಮುಳ್ಳು ತಿರುಗಿಸಿ ಸಿಲೋನಿಗೆ ಹೋದ. 1952ರಲ್ಲಿ ಶುರುವಾದ, ಅಮೀನ್ ಸಯಾನಿ ನಡೆಸಿಕೊಡುತ್ತಿದ್ದ 'ಬಿನಾಕಾ ಗೀತಮಾಲಾ' ಬರುವ ಹೊತ್ತಿಗೆ ಹಿಂದಿ ಬಾರದವರೂ ಪೆಟ್ಟಿಗೆಯ ಸುತ್ತ ಸೇರುತ್ತಿದ್ದರು. ಬಿನಾಕಾ ಎಂಬುದು ಹಲ್ಲುಜ್ಜುವ ಪೇಸ್ಟಿನ ಹೆಸರು. ಇದ್ದಿಲಿನಲ್ಲೋ ಬೇವಿನ ಕಡ್ಡಿಯಲ್ಲೋ ಹಲ್ಲುಜ್ಜುತ್ತಿದ್ದ ಮನೆಗಳಿಗೆ ಪೇಸ್ಟಿಗಿಂತ ಮೊದಲು ಪೇಸ್ಟಿನ ಹೆಸರು ತಲುಪಿತು. ಅಭಿರುಚಿ ಉಳಿಸಲು ಹೊರಟ ನೀತಿ ಭಾರತದ ಕೇಳುಗರನ್ನು ಒಟ್ಟಾಗಿ ಪರದೇಶದ ಜಾಹೀರಾತುದಾರರ ಕೈಗೆ ಒಪ್ಪಿಸಿದ ಕಥೆ ಇದು. ದಿಲ್ಲಿ ತಪ್ಪು ತಿದ್ದಿಕೊಳ್ಳಲು 1957ರ ಅಕ್ಟೋಬರಿನಲ್ಲಿ ವಿವಿಧ ಭಾರತಿ ಆರಂಭಿಸಿತು. ಆದರೂ ಜಾಹೀರಾತಿಗೆ ಬಾಗಿಲು ತೆರೆಯಲು ಮತ್ತೆ ಹತ್ತು ವರ್ಷ ಬೇಕಾಯಿತು. 1967ರ ನವೆಂಬರಿನಲ್ಲಿ ಮುಂಬಯಿ, ಪುಣೆ, ನಾಗಪುರದಿಂದ ಮೊದಲ ವಾಣಿಜ್ಯ ಪ್ರಸಾರ ಹೊರಟಿತು.

ಭದ್ರಾವತಿ ನಿಲಯ ಹುಟ್ಟಿದ್ದು ಸರಿಯಾಗಿ ಈ ಸಂಧಿಕಾಲದಲ್ಲಿ. ಆರಂಭದ ವರ್ಷಗಳಲ್ಲಿ ಅದರಲ್ಲಿ ಜಾಹೀರಾತು ಇರಲಿಲ್ಲ ಎಂಬ ಹಿರಿಯರ ಮಾತು ಸುಳ್ಳಲ್ಲ. ಆದರೆ ಪುಕ್ಕಟೆಯೂ ಅಲ್ಲ! ರೇಡಿಯೊ ಇಟ್ಟುಕೊಂಡವರು ಅಂಚೆ ಕಚೇರಿಗೆ ಹೋಗಿ ವರ್ಷಕ್ಕೊಮ್ಮೆ ಲೈಸೆನ್ಸ್ ಹಣ ಕಟ್ಟಬೇಕಿತ್ತು. ಬಂದೂಕಿಗೆ ಲೈಸೆನ್ಸ್ ಇದ್ದಂತೆ ಹಾಡು ಕೇಳುವುದಕ್ಕೂ ಲೈಸೆನ್ಸೇ ಎಂದು ಇಂದಿನ ಹುಡುಗರು ನಕ್ಕಾರು. ಬ್ರಿಟನ್ನಿನ ಬಿಬಿಸಿಯಿಂದ ಬಂದ ಪದ್ಧತಿ ಅದು. ಕೇಳುಗನೇ ಹಣ ಕೊಟ್ಟರೆ ರೇಡಿಯೊ ವ್ಯಾಪಾರಿಯ ಮಾತು ಕೇಳಬೇಕಿಲ್ಲ ಎಂಬುದು ತತ್ವ. ಅಮೆರಿಕ ಇದಕ್ಕೆ ವಿರುದ್ಧ ದಾರಿ ಹಿಡಿದಿತ್ತು: ಕೇಳುಗ ಏನೂ ಕೊಡಬೇಡ, ಸೋಪಿನ ಕಂಪನಿ ಕೊಡುತ್ತದೆ. ನಮ್ಮಲ್ಲಿ ಲೈಸೆನ್ಸಿನ ಹಣವನ್ನು ಪಡೆದದ್ದು ಸರಕಾರ, ಮಾತಾಡಿದ್ದೂ ಸರಕಾರ. ಹೀಗಾಗಿ ವ್ಯಾಪಾರಿಯಿಂದ ಬಿಡುಗಡೆ ಸಿಕ್ಕಿತೇ ಹೊರತು ಮಂತ್ರಿಗಳ ಉದ್ಘಾಟನಾ ಭಾಷಣದಿಂದ ಸಿಗಲಿಲ್ಲ. 1980ರ ದಶಕದ ನಡುವಿನಲ್ಲಿ ಲೈಸೆನ್ಸ್ ಪದ್ಧತಿಯೇ ರದ್ದಾಯಿತು.

ಇನ್ನು ಪೆಟ್ಟಿಗೆಯ ವಿಚಾರ. ವಾಲ್ವ್ ರೇಡಿಯೊ ಹಳ್ಳಿಗೆ ಹೇಳಿಸಿದ ವಸ್ತುವಲ್ಲ. ಅದಕ್ಕೆ ಕರೆಂಟ್ ಬೇಕು, ಇಲ್ಲವೇ ಇಟ್ಟಿಗೆಯಂಥ ಬ್ಯಾಟರಿ ಬೇಕು. ಜೋಗದಲ್ಲಿ 1948ರಿಂದಲೂ ವಿದ್ಯುತ್ ಉತ್ಪಾದನೆಯಾಗುತ್ತಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಆದರೆ ತಂತಿ ತಲೆಯ ಮೇಲೆ ಹಾದುಹೋದ ಎಷ್ಟೋ ಮಲೆನಾಡ ಮನೆಗಳಲ್ಲಿ ಬುಡ್ಡಿ ದೀಪವೇ ಗತಿಯಾಗಿತ್ತು. ಅಂಥ ಮನೆಗೆ ರೇಡಿಯೊ ತಂದದ್ದು ಟ್ರಾನ್ಸಿಸ್ಟರ್. ಮರ್ಫಿ, ಫಿಲಿಪ್ಸ್, ಬುಷ್ ಹೆಸರುಗಳು ಮನೆಮಾತಾದವು. ತುಟಿಯ ಮೇಲೆ ಬೆರಳಿಟ್ಟ ಮರ್ಫಿ ಮಗು ಕ್ಯಾಲೆಂಡರಿನಲ್ಲಿ ದೇವರ ಪಟದ ಪಕ್ಕದಲ್ಲಿ ಜಾಗ ಪಡೆಯಿತು. ಮಾರಿಹೋದ ಸರಕಿಗಿಂತ ಅದರ ಜಾಹೀರಾತು ಹೆಚ್ಚು ಕಾಲ ಬಾಳಿತೆನ್ನಲು ಆ ಮಗುವೇ ಸಾಕ್ಷಿ.

ಸೆಲ್ಲು ಸೋತರೆ ಅಂಗಳದಲ್ಲಿ ಬಿಸಿಲಿಗಿಡುವ ವೈದ್ಯವೂ ಇತ್ತು. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವಂತಿಲ್ಲ. ಬಿಸಿಯಾದಾಗ ಸೆಲ್ಲಿನೊಳಗಿನ ರಾಸಾಯನಿಕ ಕ್ರಿಯೆ ಚುರುಕಾಗುತ್ತದೆ, ಒಳಗಿನ ತಡೆ ತುಸು ಇಳಿಯುತ್ತದೆ. ಇನ್ನೊಂದು ವಾರ್ತೆಗೆ, ಎರಡು ಹಾಡಿಗೆ ಜೀವ ಬರುತ್ತದೆ. ಹೊಸ ಶಕ್ತಿಯೇನೂ ತುಂಬುವುದಿಲ್ಲ, ಉಳಿದ ಚೂರು ಹೊರಬರುತ್ತದೆ ಅಷ್ಟೆ.

ಏಳು ಪೈಸೆಯ ವ್ಯಾಜ್ಯ

ರೇಡಿಯೊಗಿಂತ ಕಾಗದದ ಕಥೆ ಹೆಚ್ಚು ಗಂಭೀರ. ಸ್ವಾತಂತ್ರ್ಯ ಬಂದಾಗ ಪತ್ರಿಕೆ ಅಚ್ಚು ಹಾಕುವ ನ್ಯೂಸ್‌ಪ್ರಿಂಟ್ ಭಾರತದಲ್ಲಿ ತಯಾರಾಗುತ್ತಲೇ ಇರಲಿಲ್ಲ. ಮಧ್ಯಪ್ರದೇಶದ ನೇಪಾನಗರದ ಕಾರ್ಖಾನೆ 1955ರಲ್ಲಿ ಮೊದಲ ಬಾರಿಗೆ ಅದನ್ನು ತಯಾರಿಸಿತು. ಅದು ಸಾಲುತ್ತಿರಲಿಲ್ಲ, ಉಳಿದದ್ದನ್ನು ವಿದೇಶೀ ವಿನಿಮಯ ಸುರಿದು ತರಿಸಬೇಕು. ಸಕ್ಕರೆ, ಸೀಮೆಎಣ್ಣೆಯಂತೆ ಪತ್ರಿಕೆಯ ಕಾಗದಕ್ಕೂ ಪಡಿತರ ಬಂತು. ಯಾವ ಪತ್ರಿಕೆಗೆ ಎಷ್ಟು ಟನ್ ಎಂಬುದು ದಿಲ್ಲಿಯಲ್ಲಿ ತೀರ್ಮಾನವಾಗುತ್ತಿತ್ತು. ಪತ್ರಿಕೆಯ ಕೊರಳು ಹಿಚುಕಲು ಸೆನ್ಸಾರ್ ಅಧಿಕಾರಿಯೇ ಬರಬೇಕಿಲ್ಲ, ಕಾಗದದ ಕೋಟಾ ಸಾಕು.

1956ರಲ್ಲಿ ಕೇಂದ್ರ ಸರಕಾರ ಪತ್ರಿಕೆಗಳ ಬೆಲೆ ಮತ್ತು ಪುಟ ನಿಯಂತ್ರಣಕ್ಕೆ ಕಾನೂನು ಮಾಡಿತು. 1960ರ ಆದೇಶ ಅದನ್ನು ಜಾರಿಗೆ ತಂದಿತು. ಇಷ್ಟು ಬೆಲೆಗೆ ಇಷ್ಟೇ ಪುಟ. ಜಾಹೀರಾತಿನ ಜಾಗವನ್ನೂ ನಿಯಂತ್ರಿಸುವ ಅಧಿಕಾರ ಸರಕಾರಕ್ಕೆ. ಉದ್ದೇಶ ಕೇಳಲು ಚೆನ್ನಾಗಿತ್ತು. ಜಾಹೀರಾತಿನ ಹಣದಿಂದ ಕೊಬ್ಬಿದ ದೊಡ್ಡ ಪತ್ರಿಕೆಗಳು ಅಗ್ಗದ ಬೆಲೆಗೆ ಹೆಚ್ಚು ಪುಟ ಕೊಟ್ಟು ಚಿಕ್ಕವನ್ನು ನುಂಗದಿರಲಿ ಎಂಬುದು ವಾದ. ಪುಣೆಯ ಮರಾಠಿ ದಿನಪತ್ರಿಕೆ 'ಸಕಾಳ್' ಇದರ ವಿರುದ್ಧ ಕೋರ್ಟಿಗೆ ಹೋಯಿತು. ಅದರ ಬೆಲೆ ಏಳು ನಯೇಪೈಸೆ. ಹಿಂದಿನಷ್ಟೇ ಪುಟ ಕೊಡಬೇಕಾದರೆ ಬೆಲೆ ಏರಿಸಬೇಕು, ಅದೇ ಬೆಲೆ ಉಳಿಸಬೇಕಾದರೆ ಪುಟ ಇಳಿಸಬೇಕು. 1961ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕಾನೂನನ್ನು ರದ್ದುಮಾಡಿತು. ಕೋರ್ಟಿನ ತರ್ಕ ನಮ್ಮ ಹೋಟೆಲಿನ ಎರಡನೆಯ ಗಿರಾಕಿಯದ್ದೇ: ಜಾಹೀರಾತು ಕಡಿತವಾದರೆ ಬೆಲೆ ಏರುತ್ತದೆ, ಬೆಲೆ ಏರಿದರೆ ಓದುಗರು ಕಡಿಮೆಯಾಗುತ್ತಾರೆ, ಓದುಗರನ್ನು ಕಡಿತ ಮಾಡುವುದು ವಾಕ್ ಸ್ವಾತಂತ್ರ್ಯಕ್ಕೇ ಕಡಿತ.

ಸರಕಾರ ಇಷ್ಟಕ್ಕೆ ಬಿಡಲಿಲ್ಲ. 1972-73ರ ನ್ಯೂಸ್‌ಪ್ರಿಂಟ್ ನೀತಿಯಲ್ಲಿ ಪತ್ರಿಕೆಗಳಿಗೆ ಹತ್ತು ಪುಟದ ಮಿತಿ ಹೇರಲಾಯಿತು. ಬೆನೆಟ್ ಕೋಲ್ಮನ್ ಪ್ರಕರಣದಲ್ಲಿ 1972ರ ಅಕ್ಟೋಬರಿನಲ್ಲಿ ಅದೂ ಬಿದ್ದುಹೋಯಿತು. ಐವರಲ್ಲಿ ಒಬ್ಬ ನ್ಯಾಯಮೂರ್ತಿ, ಕೆ.ಕೆ. ಮ್ಯಾಥ್ಯೂ, ಒಪ್ಪಲಿಲ್ಲ. ಕಾಗದ ಕಡಿಮೆಯಿದ್ದಾಗ ಹಂಚಿಕೆ ಬೇಕಲ್ಲವೇ, ದೊಡ್ಡವರ ದನಿಯೊಂದೇ ಕೇಳಿದರೆ ಅದು ಸ್ವಾತಂತ್ರ್ಯವೇ ಎಂಬುದು ಅವರ ಪ್ರಶ್ನೆಯ ಸಾರ. ಬಹುಮತದ ತೀರ್ಪು ಸರಿ ಎಂದುಕೊಂಡರೂ ಈ ಭಿನ್ನಮತವನ್ನು ಸುಲಭವಾಗಿ ಮರೆಯಲಾಗದು.

ಮರ ಹಾಳೆಯಾದ ಬಗೆ

ಕಾಗದದ ಬರ ನೀಗಬೇಕಾದರೆ ಕಾಗದವನ್ನೇ ಮಾಡಬೇಕು. 1977ರಲ್ಲಿ ಎಂಪಿಎಂ ರಾಜ್ಯ ಸರಕಾರದ ಕಂಪನಿಯಾಯಿತು. 1980ರ ದಶಕದ ಆರಂಭದಲ್ಲಿ ವರ್ಷಕ್ಕೆ 75,000 ಟನ್ ಸಾಮರ್ಥ್ಯದ ನ್ಯೂಸ್‌ಪ್ರಿಂಟ್ ಯಂತ್ರ ಅಲ್ಲಿ ತಿರುಗತೊಡಗಿತು. ಕೇರಳದ ಹಿಂದೂಸ್ತಾನ್ ನ್ಯೂಸ್‌ಪ್ರಿಂಟ್ ಕೂಡ ಹೆಚ್ಚುಕಡಿಮೆ ಅದೇ ಕಾಲದ್ದು.

75,000 ಟನ್ ಎಂದರೆ ಎಷ್ಟು? ಒಂದು ಚದರ ಮೀಟರ್ ನ್ಯೂಸ್‌ಪ್ರಿಂಟ್ ಐವತ್ತು ಗ್ರಾಮಿನೊಳಗೆ ತೂಗುತ್ತದೆ. ಹನ್ನೆರಡು ಪುಟದ ದೊಡ್ಡ ಅಳತೆಯ ಪತ್ರಿಕೆಯ ಒಂದು ಪ್ರತಿ ಸುಮಾರು 55 ಗ್ರಾಂ. ಯಂತ್ರ ಪೂರ್ತಿ ಓಡಿದರೆ ದಿನಕ್ಕೆ ಇನ್ನೂರು ಟನ್ ದಾಟಿ ಹೊರಬೀಳಬೇಕು. ಲೆಕ್ಕ ಹಾಕಿದರೆ ದಿನವೊಂದಕ್ಕೆ 35 ಲಕ್ಷ ಪ್ರತಿಗಳ ಆಸುಪಾಸಿಗೆ ಸಾಕಾಗುವ ಕಾಗದ. ಬೆಂಗಳೂರಿನ ಓದುಗ ಬೆಳಗ್ಗೆ ಬಿಡಿಸಿದ ಪತ್ರಿಕೆಯ ಹಾಳೆ ಭದ್ರಾ ನದಿಯ ದಂಡೆಯದ್ದಾಗಿರುವ ಸಾಧ್ಯತೆ ಚೆನ್ನಾಗಿಯೇ ಇತ್ತು.

ಪುಸ್ತಕದ ಕಾಗದಕ್ಕೂ ಪತ್ರಿಕೆಯ ಕಾಗದಕ್ಕೂ ಇರುವ ವ್ಯತ್ಯಾಸ ಅಡುಗೆಮನೆಯ ಮಾತಿನಲ್ಲಿ ಹೇಳುವುದಾದರೆ ಬೇಯಿಸುವುದಕ್ಕೂ ರುಬ್ಬುವುದಕ್ಕೂ ಇರುವ ವ್ಯತ್ಯಾಸ. ಒಳ್ಳೆಯ ಬರೆಯುವ ಕಾಗದಕ್ಕೆ ಬಿದಿರನ್ನೋ ಮರವನ್ನೋ ರಾಸಾಯನಿಕದಲ್ಲಿ ಬೇಯಿಸಿ, ನಾರನ್ನು ಅಂಟಿಸಿ ಹಿಡಿದಿರುವ ಲಿಗ್ನಿನ್ ಎಂಬ ವಸ್ತುವನ್ನು ತೆಗೆದುಹಾಕುತ್ತಾರೆ. ಹಾಗೆ ಮಾಡಿದಾಗ ಮರದ ಅರ್ಧದಷ್ಟು ತೂಕ ಕಳೆದುಹೋಗುತ್ತದೆ. ಪತ್ರಿಕೆಯ ಆಯಸ್ಸು ಒಂದೇ ದಿನ, ಅದಕ್ಕೇಕೆ ಅಷ್ಟು ಖರ್ಚು? ನೀಲಗಿರಿ ಮರದ ಚಕ್ಕೆಗಳನ್ನು ಕಾಸ್ಟಿಕ್ ಸೋಡಾದಲ್ಲಿ ನೆನೆಸಿ ಯಂತ್ರದಲ್ಲಿ ಅರೆದರೆ ಮರದ ಬಹುಪಾಲು ತಿರುಳಾಗಿ ಉಳಿಯುತ್ತದೆ. ಹಾಳೆ ಹರಿಯದಿರಲು ಸ್ವಲ್ಪ ಬೇಯಿಸಿದ ತಿರುಳು ಬೆರೆಸಿದರಾಯಿತು. ಲಿಗ್ನಿನ್ ಒಳಗೇ ಉಳಿಯುವುದರಿಂದ ಬಿಸಿಲು ತಾಗಿದ ಪತ್ರಿಕೆ ವಾರದೊಳಗೆ ಹಳದಿಯಾಗುತ್ತದೆ. "ನಮ್ಮ ದೇಶದ ಕಾಗದ ಕಳಪೆ, ಅದಕ್ಕೇ ಹಳದಿಯಾಗುತ್ತೆ" ಎಂಬ ಮಾತು ಅರ್ಧ ಮಾತ್ರ ನಿಜ. ಕೆನಡಾದ ನ್ಯೂಸ್‌ಪ್ರಿಂಟ್ ಕೂಡ ಹಳದಿಯಾಗುತ್ತದೆ. ಉಳಿದರ್ಧ ನಿಜ ಮುದ್ರಣಾಲಯದಲ್ಲಿತ್ತು. ಶೀತದೇಶದ ಮೊನಚೆಲೆ ಮರಗಳ ನಾರು ಉದ್ದ, ನೀಲಗಿರಿಯದು ಗಿಡ್ಡ. ವೇಗವಾಗಿ ಓಡುವ ರೋಟರಿ ಯಂತ್ರದಲ್ಲಿ ನಡುರಾತ್ರಿ ಸುರುಳಿ ಹರಿದರೆ ಮೊದಲ ಬಸ್ಸಿಗೆ ಪತ್ರಿಕೆ ತಪ್ಪುವುದೇ. ಆದ್ದರಿಂದ ಮಾಲೀಕರಿಗೆ ಆಮದು ಕಾಗದವೇ ಇಷ್ಟ. ದೇಶೀ ಕಾಗದವನ್ನು ಇಂತಿಷ್ಟು ಕೊಂಡವರಿಗೆ ಮಾತ್ರ ಆಮದಿಗೆ ಅವಕಾಶ ಎಂಬ ನಿಯಮದಿಂದ ಭದ್ರಾವತಿಯ ಗಿರಾಕಿ ಕೈತಪ್ಪದೆ ಉಳಿದಿದ್ದ.

ತಿರುಳಿಗೆ ಮರ ಎಲ್ಲಿಂದ ಬರಬೇಕು? ಮಲೆನಾಡಿನ ಸಾವಿರಾರು ಹೆಕ್ಟೇರ್ ಅರಣ್ಯಭೂಮಿ ಗುತ್ತಿಗೆಯ ಮೇಲೆ ಕಾರ್ಖಾನೆಯ ನೆಡುತೋಪಾಯಿತು. ನೀಲಗಿರಿ, ಆಮೇಲೆ ಅಕೇಶಿಯಾ. ಸಾಲುಸಾಲಾಗಿ ನಿಂತ ಆ ಮರಗಳ ಕೆಳಗೆ ದನಕ್ಕೆ ಹುಲ್ಲಿಲ್ಲ, ಕಾಡುಪ್ರಾಣಿಗೆ ಹಣ್ಣಿಲ್ಲ, ಗದ್ದೆಗೆ ಸೊಪ್ಪಿಲ್ಲ ಎಂಬ ದೂರು ಅಂದಿನಿಂದಲೂ ಇದೆ. ಅಗ್ಗದ ಪತ್ರಿಕೆಯ ಬೆಲೆಯ ಒಂದು ಪಾಲನ್ನು ಜಾಹೀರಾತುದಾರ ಕೊಟ್ಟ, ಇನ್ನೊಂದು ಪಾಲನ್ನು ಪತ್ರಿಕೆ ಓದದ ಹಳ್ಳಿಯೂ ಕೊಟ್ಟಿತು ಎನ್ನಬೇಕು.

ಜಾಹೀರಾತಿಲ್ಲದ ಪತ್ರಿಕೆ

ಹಾಗಾದರೆ ಜಾಹೀರಾತೇ ಇಲ್ಲದೆ ಪತ್ರಿಕೆ ನಡೆಯದೇ? ನಡೆಯಿತು, ಅದೂ ಇದೇ ಜಿಲ್ಲೆಯವರಿಂದ. ಶಿವಮೊಗ್ಗ ಸೀಮೆಯ ಕೊನಗವಳ್ಳಿಯಲ್ಲಿ ಹುಟ್ಟಿದ ಪಿ. ಲಂಕೇಶ್ 1980ರಲ್ಲಿ ಬೆಂಗಳೂರಿನಿಂದ 'ಲಂಕೇಶ್ ಪತ್ರಿಕೆ' ಆರಂಭಿಸಿದರು. ಅದು ಜಾಹೀರಾತು ತೆಗೆದುಕೊಳ್ಳಲಿಲ್ಲ. ಮಂತ್ರಿಗಳನ್ನು, ಗುತ್ತಿಗೆದಾರರನ್ನು, ಸಾಹಿತಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗಿದ ಆ ವಾರಪತ್ರಿಕೆ ನಿಂತದ್ದು ಕೊಂಡು ಓದುವವರ ಚಿಲ್ಲರೆಯ ಮೇಲೆ. ಇದರಿಂದ ದಕ್ಕಿದ ಧೈರ್ಯ ಕಣ್ಣಿಗೆ ಕಾಣುವಂತಿತ್ತು. ಆದರೆ ಬೇರೆ ಆದಾಯವಿಲ್ಲದ ಪತ್ರಿಕೆಗೆ ಕಾಗದದ ಬೆಲೆ ಏರಿದರೆ ಪೆಟ್ಟು ನೇರ. ಕೇಂದ್ರ ಸರಕಾರ 1981ರಲ್ಲಿ ಆಮದು ನ್ಯೂಸ್‌ಪ್ರಿಂಟಿಗೆ ಸುಂಕ ಹಾಕಿತು, ಮರುವರ್ಷ ಟನ್ನಿಗೆ 550 ರೂಪಾಯಿ ಎಂದು ನಿಗದಿ ಮಾಡಿತು. ಇಂಡಿಯನ್ ಎಕ್ಸ್‌ಪ್ರೆಸ್ ಮತ್ತಿತರ ಪತ್ರಿಕೆಗಳು ಕೋರ್ಟಿಗೆ ಹೋದವು. ಜ್ಞಾನದ ಮೇಲೆ ತೆರಿಗೆ ಬೀಳಬಾರದು ಎಂಬ ಹಳೆಯ ವಾದ ಮತ್ತೆ ಎದ್ದಿತು. ಸುಂಕವನ್ನು ಮರುಪರಿಶೀಲಿಸಲು 1984ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಸೂಚಿಸಿತು. ಲಂಕೇಶರಂತೆ ನಡೆದವರು ವಿರಳ. 2000ದ ಜನವರಿಯಲ್ಲಿ ಅವರು ತೀರಿಕೊಳ್ಳುವವರೆಗೂ ಆ ಮಾದರಿ ಮಾದರಿಯಾಗಿಯೇ ಉಳಿಯಿತು, ಪದ್ಧತಿಯಾಗಲಿಲ್ಲ.

ಅಷ್ಟರಲ್ಲಿ ಟೀವಿ ಬಂದಿತ್ತು. ದೂರದರ್ಶನ 1976ರಿಂದಲೇ ಜಾಹೀರಾತು ತೆಗೆದುಕೊಳ್ಳುತ್ತಿತ್ತು. 1984ರ 'ಹಮ್ ಲೋಗ್' ಧಾರಾವಾಹಿಯ ಜೊತೆಗೆ ಮ್ಯಾಗಿ ನೂಡಲ್ಸ್ ಮನೆಮನೆಗೆ ಹೊಕ್ಕಿತು. ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ಚಿತ್ರಿಸಿದಾಗ ಆಗುಂಬೆಯ ಬೀದಿ, ಅರಸಾಳು ರೈಲು ನಿಲ್ದಾಣ ಇಡೀ ದೇಶಕ್ಕೆ ಕಂಡವು. ಗುಡ್ಡದ ಊರುಗಳಲ್ಲಿ ಅದನ್ನು ನೋಡಲು ಉದ್ದನೆಯ ಕಂಬ ನೆಟ್ಟು, ಒಬ್ಬರು ಮಾಡಿನ ಮೇಲೆ ಆಂಟೆನಾ ತಿರುಗಿಸಿ, ಇನ್ನೊಬ್ಬರು ಒಳಗಿನಿಂದ "ಬಂತು, ಬಂತು... ಹೋಯ್ತು" ಎಂದು ಕೂಗಬೇಕಿತ್ತು. ಜಾಹೀರಾತೂ ಸಂವಿಧಾನ ಕಾಯುವ ಮಾತಿನ ಒಂದು ಬಗೆಯೇ ಎಂದು ಸುಪ್ರೀಂ ಕೋರ್ಟ್ ಟಾಟಾ ಪ್ರೆಸ್ ಪ್ರಕರಣದಲ್ಲಿ 1995ರಲ್ಲಿ ಹೇಳುವ ಹೊತ್ತಿಗೆ ಆ ಬಗ್ಗೆ ಆಶ್ಚರ್ಯಪಡುವವರು ಉಳಿದಿರಲಿಲ್ಲ.

ಅದೇ 1995ರ ಹೊತ್ತಿಗೆ ನ್ಯೂಸ್‌ಪ್ರಿಂಟ್ ಆಮದೂ ಮುಕ್ತವಾಯಿತು. ಪತ್ರಿಕೆಗಳ ಮಟ್ಟಿಗೆ ಇದು ಬಿಡುಗಡೆ. ಮೂರು ದಶಕ ಕೋರ್ಟಿನ ಮೆಟ್ಟಿಲು ಹತ್ತಿಳಿದು ಕೇಳಿದ್ದು ಕೊನೆಗೆ ಸಿಕ್ಕಿತು. ಪುಟಗಳು ಹೆಚ್ಚಿದವು, ಬಣ್ಣ ಬಂತು, ಜಾಹೀರಾತೂ ಹೆಚ್ಚಿತು. ಭದ್ರಾವತಿಗೆ ಅದೇ ಬಿಡುಗಡೆ ಪೆಟ್ಟಾಯಿತು. ಹಳೆಯ ಯಂತ್ರ, ದುಬಾರಿ ಕರೆಂಟು, ಮರದ ಅಭಾವ, ಸಾಲ, ಕಾಲಕಾಲಕ್ಕೆ ಹಣ ಹೂಡದ ಸರಕಾರಗಳು, ಜೊತೆಗೆ ಹೊರಗಿನ ಅಗ್ಗದ ಕಾಗದ. ಪತ್ರಿಕಾ ಸ್ವಾತಂತ್ರ್ಯದ ಗೆಲುವಿಗೂ ಪತ್ರಿಕೆಯ ಕಾಗದ ಮಾಡುವವರ ಸೋಲಿಗೂ ಇದ್ದ ಈ ನಂಟಿನ ಬಗ್ಗೆ ಪತ್ರಿಕೆಗಳು ಹೆಚ್ಚು ಬರೆದದ್ದಿಲ್ಲ. 2015ರ ಕೊನೆಯ ವೇಳೆಗೆ ಎಂಪಿಎಂ ಉತ್ಪಾದನೆ ನಿಂತಿತು. ತಿಂಗಳ ಸಂಬಳದ ದಿನ ಅಂಗಡಿ ಬೀದಿ ತುಂಬುತ್ತಿದ್ದ ಊರು ಅದು. ರೇಡಿಯೊ, ಟೀವಿ, ಮಿಕ್ಸಿ ಕಂತಿನಲ್ಲಿ ಕೊಳ್ಳುವ ಧೈರ್ಯ ಆ ಸಂಬಳದಿಂದ ಬಂದದ್ದು. ಕಾರ್ಮಿಕರು ಸ್ವಯಂ ನಿವೃತ್ತಿಯ ಅರ್ಜಿ ತುಂಬಿದರು, ವಸತಿಗೃಹಗಳು ಖಾಲಿಯಾದವು. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆ ಮುಚ್ಚುವ ತೀರ್ಮಾನವೂ ಪ್ರಕಟವಾದಾಗ ಊರು ಬೀದಿಗಿಳಿಯಿತು.

ರೇಡಿಯೊ ಮಾತ್ರ ಸದ್ದು ನಿಲ್ಲಿಸಲಿಲ್ಲ. 675 ಕಿಲೋಹರ್ಟ್ಸ್ ಮಧ್ಯಮ ತರಂಗದಲ್ಲಿ ಹುಡುಕಿ ಕೇಳುತ್ತಿದ್ದ ದನಿ ಆಮೇಲೆ ಎಫ್‌ಎಂಗೂ, ಮೊಬೈಲಿಗೂ ಬಂತು. ಈಗ ಅದರಲ್ಲೂ ಜಾಹೀರಾತು ಇದೆ. ಕೇಳುಗನ ಲೈಸೆನ್ಸ್ ಇಲ್ಲ.

2019ರ ಬಜೆಟ್ಟಿನಲ್ಲಿ ಕೇಂದ್ರ ಸರಕಾರ ಆಮದು ನ್ಯೂಸ್‌ಪ್ರಿಂಟಿಗೆ ಶೇ. 10 ಸುಂಕ ಹಾಕಿತು, ದೇಶೀ ಕಾರ್ಖಾನೆಗಳನ್ನು ಕಾಯುವುದಕ್ಕೆಂದು. ಪತ್ರಿಕೆಗಳು ಪ್ರತಿಭಟಿಸಿದವು, ಮರುವರ್ಷ ಸುಂಕ ಶೇ. 5ಕ್ಕೆ ಇಳಿಯಿತು. ಭದ್ರಾವತಿಯ ಯಂತ್ರ ನಿಂತು ಆಗಲೇ ಮೂರು ವರ್ಷ ಮೀರಿತ್ತು. ನೆಡುತೋಪಿನ ಗುತ್ತಿಗೆ 2020ರಲ್ಲಿ ಮುಗಿದಾಗ ರಾಜ್ಯ ಸರಕಾರ ಅದನ್ನು ಮತ್ತೆ 40 ವರ್ಷಕ್ಕೆ ವಿಸ್ತರಿಸಿತು. "ನಮ್ಮೂರಿಗೆ ಅಕೇಶಿಯಾ ಮರ ಬೇಡ" ಎಂದು ಮಲೆನಾಡಿನ ಜನ ಒಕ್ಕೂಟ ಕಟ್ಟಿಕೊಂಡು ಹೋರಾಟಕ್ಕಿಳಿದರು. ಕಾಗದಕ್ಕಾಗಿ ನೆಟ್ಟ ತೋಪು ಕಾಗದ ನಿಂತ ಮೇಲೂ ಏಕೆ ಬೇಕು ಎಂಬುದು ಅವರು ಕೇಳಿದ ಪ್ರಶ್ನೆ.